ನಿಮ್ಮ ಆನ್‌ಲೈನ್ ಚೆಸ್ ಆಟವನ್ನು ನೀವೇ ಓದುವುದು ಹೇಗೆ: 30 ಆಟ, ಒಂದು ನೋಟ್‌ಬುಕ್, ಎಂಜಿನ್ ಕೊನೆಗೆ

ಶಿರಸಿಯಲ್ಲಿ ಭಾನುವಾರ ಸಂಜೆ ನಾವು ಏಳೆಂಟು ಜನ ಚೆಸ್ ಆಡಲು ಸೇರುತ್ತೇವೆ. ಹೈಸ್ಕೂಲು ಮಾಣಿಯಿಂದ ಹಿಡಿದು, ತೋಟದ ಕೆಲಸ ಮುಗಿಸಿ ಬರುವ ಅರವತ್ತರ ಮಾವನವರೆಗೆ ಎಲ್ಲರೂ ಇದ್ದಾರೆ. ವಾರವಿಡೀ ಮೊಬೈಲಿನಲ್ಲಿ ಆಡುವವರು. ದೂರು ಮಾತ್ರ ಒಂದೇ: "ದಿನಾ ಆಡ್ತಿ, ರೇಟಿಂಗು ಅಲ್ಲೇ ಇದ್ದು ಮಾರಾಯ."

ಸೋತ ಮೇಲೆ ಏನು ಮಾಡುತ್ತೀರಿ ಅಂತ ಕೇಳಿದರೆ ಉತ್ತರವೂ ಒಂದೇ. ಎಂಜಿನ್, ಅಂದರೆ ಆಟದ ತಪ್ಪು ತೋರಿಸುವ ಕಂಪ್ಯೂಟರ್ ಪ್ರೋಗ್ರಾಂ, ಹಾಕುತ್ತಾರೆ. ಕೆಂಪು ಗುರುತು ಎಣಿಸುತ್ತಾರೆ. "ಹೋ, ಇಲ್ಲಿ ಕುದುರೆ ಬಿಟ್ಟೆ" ಅನ್ನುತ್ತಾರೆ. ಮುಂದಿನ ಆಟ ಶುರು. ಕೊನೆಗೆ ಬರಬೇಕಾದ ಎಂಜಿನ್ನನ್ನು ಮೊದಲಿಗೇ ಕರೆದು ಕೂರಿಸಿದರೆ ಅದು ಅದರ ಆಟ ತೋರಿಸುತ್ತದೆ. ನಿಮ್ಮ ಆಟ ಎಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ.

ಕೆಳಗಿನ ಕ್ರಮ ಆನ್‌ಲೈನ್ ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕಿ, ಹೆಚ್ಚುಕಡಿಮೆ 1000ದಿಂದ 1700ರ ನಡುವೆ ಸಿಕ್ಕಿಬಿದ್ದವರಿಗೆ. ಮೂರು ವಾರ ಬೇಕು. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಬೇಕಾಗುವ ಸಾಮಾನು

ಒಂದು 200 ಪುಟದ ನೋಟ್‌ಬುಕ್. ನೀಲಿ ಪೆನ್ನು, ಕೆಂಪು ಪೆನ್ನು. ಒಂದು ನಿಜವಾದ ಬೋರ್ಡು, ಸುತ್ತಿಡುವ ಪ್ಲಾಸ್ಟಿಕ್ ಹಾಳೆಯಾದರೂ ಸಾಕು.

"ಬೋರ್ಡು ಎಂತಕ್ಕೆ, ಮೊಬೈಲಿದೆಯಲ್ಲ?" ಅಂತ ಎಲ್ಲರೂ ಕೇಳುತ್ತಾರೆ. ಮೊಬೈಲಿನಲ್ಲಿ ಬೆರಳು ತನ್ನಷ್ಟಕ್ಕೆ ಮುಂದಿನ ಬಾಣ ಒತ್ತುತ್ತಾ ಹೋಗುತ್ತದೆ. ಅರ್ಧ ನಿಮಿಷದಲ್ಲಿ 40 ನಡೆ ಮುಗಿದಿರುತ್ತದೆ, ತಲೆಗೆ ಒಂದೂ ಹೋಗಿರುವುದಿಲ್ಲ. ಕೈಯಲ್ಲಿ ಕಾಯಿ ಎತ್ತಿ ಇಡುವಾಗ ನಿಧಾನವಾಗುತ್ತದೆ. ಆ ನಿಧಾನ ಬೇಕು.

ಖಾತೆ ಲೀಚೆಸ್‌ನಲ್ಲಿದ್ದರೆ ಒಳ್ಳೆಯದು, ಅದು ಉಚಿತ ಚೆಸ್ ತಾಣ, ಅಲ್ಲಿ ಕಂಪ್ಯೂಟರ್ ವಿಶ್ಲೇಷಣೆಗೆ ದುಡ್ಡಿಲ್ಲ. ಚೆಸ್ ಡಾಟ್ ಕಾಮ್‌ನಲ್ಲಿ ದುಡ್ಡು ಕೊಡದವರಿಗೆ ಗೇಮ್ ರಿವ್ಯೂ ಇಷ್ಟೇ ಅಂತ ಮಿತಿ ಇದೆ. ಅಲ್ಲೇ ಆಡುವವರು ಆಟದ ಪಿಜಿಎನ್ (ನಡೆಗಳೆಲ್ಲ ಬರೆದಿರುವ ಫೈಲು) ಇಳಿಸಿಕೊಂಡು ಲೀಚೆಸ್‌ಗೆ ಹಾಕಿ ನೋಡಬಹುದು.

## ಹಂತ 1: ಒಂದೇ ಗಡಿಯಾರದಲ್ಲಿ 30 ಆಟ

ಬೆಳಿಗ್ಗೆ ಒಂದೆರಡು ನಿಮಿಷದ ಬುಲೆಟ್, ಮಧ್ಯಾಹ್ನ ಐದಾರು ನಿಮಿಷದ ಬ್ಲಿಟ್ಜ್, ರಾತ್ರಿ ಹತ್ತು ಹದಿನೈದು ನಿಮಿಷದ ರ‍್ಯಾಪಿಡ್ ಆಡಿದರೆ ಯಾವ ತಪ್ಪು ಆಟದ್ದು, ಯಾವುದು ಅವಸರದ್ದು ಅಂತ ಬಿಡಿಸಲು ಬರುವುದಿಲ್ಲ. ಒಂದನ್ನು ಹಿಡಿದುಕೊಳ್ಳಿ.

ಲೀಚೆಸ್‌ನ ಲೆಕ್ಕ ಸುಲಭ: ಶುರುವಿನ ಸಮಯ ಸೆಕೆಂಡಿನಲ್ಲಿ, ಅದಕ್ಕೆ ಪ್ರತಿ ನಡೆಗೆ ಸಿಗುವ ಹೆಚ್ಚುವರಿ ಸೆಕೆಂಡಿನ 40 ಪಟ್ಟು ಕೂಡಿಸಿ. 5 ನಿಮಿಷ, ನಡೆಗೆ 3 ಸೆಕೆಂಡ್ (5+3) ಅಂದರೆ 300 ಮತ್ತು 120, ಒಟ್ಟು 420, ಇದು ಬ್ಲಿಟ್ಜ್. 15+10 ಅಂದರೆ 900 ಮತ್ತು 400, ಒಟ್ಟು 1300. 480ರಿಂದ 1500ರೊಳಗಿನದು ರ‍್ಯಾಪಿಡ್. ನನ್ನ ಸಲಹೆ 15+10. ಅಷ್ಟು ಹೊತ್ತಿಲ್ಲದವರಿಗೆ 10+5. ಬುಲೆಟ್ ಆಟದಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ, ಬಿಟ್ಟುಬಿಡಿ.

ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಸಾಲಾಗಿ ಎರಡು ಸೋತರೆ ಆ ದಿನ ಮುಗಿಯಿತು, ಮೊಬೈಲ್ ಒಳಗಿಡಿ. ಮೂರನೆಯದನ್ನು ಆಡುವುದು ಸಿಟ್ಟು, ನೀವಲ್ಲ.

30ರಲ್ಲಿ ಎಷ್ಟು ಗೆದ್ದಿರಿ ಅನ್ನುವುದಕ್ಕೆ ಬೆಲೆ ಕೊಡಬೇಡಿ. ಒಂದು ರೂಪಾಯಿ ನಾಣ್ಯವನ್ನು 30 ಸಲ ಚಿಮ್ಮಿ ನೋಡಿ. ಐದು ಬಾರಿ ಹೀಗೆ ಮಾಡಿದರೆ ಸುಮಾರು ನಾಲ್ಕು ಬಾರಿ ತಲೆ 12ರಿಂದ 18ರ ನಡುವೆ ಬೀಳುತ್ತದೆ. ಅಂದರೆ ಹೋದ ತಿಂಗಳು 12, ಈ ತಿಂಗಳು 18 ಗೆದ್ದರೂ ಆಟ ಒಂಚೂರೂ ಬದಲಾಗದೇ ಇದ್ದಿರಬಹುದು. ಎದುರಾಳಿಯ ರೇಟಿಂಗ್ ನಿಮ್ಮದಕ್ಕಿಂತ 100 ಮೇಲಿದ್ದರೆ ರೇಟಿಂಗ್ ಲೆಕ್ಕದ ಪ್ರಕಾರವೇ ನಿಮಗೆ ನೂರು ಆಟಕ್ಕೆ 36 ಅಂಕ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ಮಾತ್ರ ಬರಬೇಕು. ಅವರ ಕೈಯಲ್ಲಿ ಸೋತದ್ದಕ್ಕೆ ಮಂಡೆಬಿಸಿ ಯಾಕೆ?

ಇನ್ನೊಂದು ಅಡ್ಡಮಾತು. ಆನ್‌ಲೈನ್ ರೇಟಿಂಗನ್ನು ವಿಶ್ವ ಚೆಸ್ ಒಕ್ಕೂಟವಾದ ಫಿಡೆ ಕೊಡುವ ರೇಟಿಂಗಿನ ಜೊತೆ ಅಳೆಯಬೇಡಿ. ಲೀಚೆಸ್‌ನಲ್ಲಿ ಹೊಸ ಖಾತೆ 1500ರಿಂದಲೇ ಶುರು. ಫಿಡೆ ಪಟ್ಟಿಯಲ್ಲಿ 2024ರ ಮಾರ್ಚ್‌ನಿಂದ 1400ಕ್ಕಿಂತ ಕೆಳಗೆ ರೇಟಿಂಗೇ ಇಲ್ಲ. ಅಡಿಕೆ ತೂಗುವ ತಕ್ಕಡಿಯಲ್ಲಿ ಹಾಲು ಅಳೆದ ಹಾಗೆ ಆಗುತ್ತದೆ.

## ಹಂತ 2: ಕಸ ಬೇರೆ ಮಾಡುವುದು

ಪ್ರತಿ ಆಟ ಮುಗಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಎಷ್ಟು ಗಂಟೆಗೆ, ಎಲ್ಲಿ ಕೂತು, ನೆಟ್ ಹೇಗಿತ್ತು.

ನಮ್ಮ ಕಡೆಯವರಿಗೆ ಈ ಸಾಲು ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಅದರ ಹಿಂದೆ ನೆಟ್ಟೂ ಹೋಗುತ್ತದೆ. ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ಆಟ ಶುರು ಮಾಡಿದರೆ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಮಾಯ. ಗಡಿಯಾರಕ್ಕೆ ಘಟ್ಟ ಗೊತ್ತಿಲ್ಲ, ಅದು ಓಡುತ್ತಲೇ ಇರುತ್ತದೆ. ಹೀಗೆ ಗೆಲ್ಲುವ ಆಟ ಎರಡು ಕಳೆದುಕೊಂಡ ಮೇಲೆ ನಾನು ಬಸ್ಸಿನಲ್ಲಿ ಆಡುವುದನ್ನೇ ಬಿಟ್ಟೆ. ಇಂಥ ಆಟಗಳನ್ನು ಲೆಕ್ಕದಿಂದ ಹೊರಗಿಡಿ. ಆದರೆ ಕಸದ ರಾಶಿಯೇ ದೊಡ್ಡದಾದರೆ, ಅಂದರೆ 30ರಲ್ಲಿ ಐದಕ್ಕಿಂತ ಜಾಸ್ತಿಯಾದರೆ, ನಿಮ್ಮ ಮೊದಲ ತೊಂದರೆ ಚೆಸ್ಸೇ ಅಲ್ಲ. ಆಡುವ ಜಾಗ ಬದಲಿಸಿ.

ಕಾರವಾರದ ಬೈತಖೋಲ ಬಂದರಿನಲ್ಲಿ ನನ್ನ ಒಬ್ಬ ಸ್ನೇಹಿತ ಬೋಟಿನ ಕೆಲಸ ಮಾಡುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಅವನಿಗೆ ಅದೇ ಚೆಸ್ ಸೀಸನ್. ಹಗಲು ಬಲೆ ರಿಪೇರಿ, ರಾತ್ರಿ ಆಟ. ಅವನ ನೋಟ್‌ಬುಕ್ ನೋಡಿದಾಗ ಹನ್ನೊಂದು ಗಂಟೆಯ ನಂತರದ ಆಟಗಳಲ್ಲಿ ಸೋಲು ಗುಂಪು ಗುಂಪಾಗಿ ಕೂತಿತ್ತು. ಅವನು ಇದುವರೆಗೆ ಓಪನಿಂಗ್ (ಆಟದ ಶುರುವಿನ ನಡೆಗಳ ಕ್ರಮ) ಬದಲಿಸುತ್ತಾ ಬಂದಿದ್ದ. ಬದಲಿಸಬೇಕಾದದ್ದು ಮಲಗುವ ಹೊತ್ತು.

## ಹಂತ 3: ಎಂಜಿನ್ ಮುಟ್ಟದೆ ಒಂದು ಸುತ್ತು

ಇದೇ ಮುಖ್ಯ ಹಂತ. ಎಲ್ಲರೂ ಹಾರಿಸುವುದೂ ಇದನ್ನೇ.

ಲೀಚೆಸ್‌ನಲ್ಲಿ ನಿಮ್ಮ ಪ್ರೊಫೈಲಿಗೆ ಹೋಗಿ ಸೋತ ಆಟಗಳನ್ನಷ್ಟೇ ತೆರೆಯಿರಿ. ಎಂಜಿನ್ ಬಟನ್ ಆಫ್ ಇರಲಿ. ಬೋರ್ಡಿನ ಮೇಲೆ ಕಾಯಿ ಜೋಡಿಸಿ ಒಂದೊಂದೇ ನಡೆ ಆಡಿ. ಆಡಿದ ದಿನವೇ ಇಲ್ಲವೇ ಮಾರನೇ ದಿನ ಮಾಡಿ. ವಾರ ಕಳೆದರೆ ಆಗ ತಲೆಯಲ್ಲಿ ಏನಿತ್ತು ಅನ್ನುವುದು ಮರೆತಿರುತ್ತದೆ. ನಮಗೆ ಬೇಕಾದದ್ದು ನಡೆಗಿಂತ ಹೆಚ್ಚಾಗಿ ಅದರ ಹಿಂದಿನ ಯೋಚನೆ.

ನೀಲಿ ಪೆನ್ನಿನಲ್ಲಿ ಮೂರು ವಿಷಯ ಬರೆಯಿರಿ. ಆಟ ಕೈಜಾರಿದ್ದು ಯಾವ ನಡೆಯಲ್ಲಿ ಅಂತ ನಿಮಗೆ ಅನಿಸುತ್ತದೆ? ಆ ನಡೆ ಆಡುವಾಗ ಏನು ಅಂದುಕೊಂಡಿದ್ದಿರಿ? ಅದಕ್ಕೂ ಒಂದು ನಡೆ ಮೊದಲು ಎದುರಾಳಿ ಆಡಿದ್ದೇನು, ಅದನ್ನು ನೀವು ನೋಡಿದ್ದಿರಾ?

ನನ್ನದೇ ಒಂದು ಆಟ ತೋರಿಸುತ್ತೇನೆ. ನಾಚಿಕೆಯ ಆಟವೇ, ಇರಲಿ.

ನಾನು ಬಿಳಿ. ಪಾನ್ (ಕಾಲಾಳು) ಇ4 ಮನೆಗೆ, ಅವರದ್ದು ಪಾನ್ ಇ5. ನನ್ನ ಕುದುರೆ ಎಫ್3, ಅವರ ಕುದುರೆ ಸಿ6. ನನ್ನ ಒಂಟೆ ಸಿ4. ಇಲ್ಲಿ ಅವರು ಸಿ6ರ ಕುದುರೆಯನ್ನು ಎತ್ತಿ ಡಿ4ಕ್ಕೆ ಇಟ್ಟರು. ಅವರ ಇ5 ಪಾನ್‌ಗೆ ಈಗ ಕಾವಲಿಲ್ಲ. ನಾನು ಕುದುರೆಯಲ್ಲಿ ಅದನ್ನು ಹೊಡೆದೆ. ಅವರ ರಾಣಿ ಜಿ5ಕ್ಕೆ ಬಂತು, ನನ್ನ ಕುದುರೆಯನ್ನೂ ಜಿ2 ಪಾನನ್ನೂ ಒಟ್ಟಿಗೆ ಹಿಡಿಯಿತು. ಪರವಾಗಿಲ್ಲ, ನಾನು ಎಫ್7 ಹೊಡೆದು ರಾಣಿ ಮತ್ತು ಆನೆ ಎರಡನ್ನೂ ಹಿಡಿದೆ ಅಂತ ಬೀಗಿದೆ. ರಾಣಿ ಜಿ2 ಹೊಡೆಯಿತು. ನನ್ನ ಆನೆ ಎಫ್1. ರಾಣಿ ಇ4 ಹೊಡೆದು ಚೆಕ್. ಒಂಟೆಯನ್ನು ಇ2ಕ್ಕೆ ಅಡ್ಡ ತಂದೆ. ಕುದುರೆ ಎಫ್3, ಚೆಕ್‌ಮೇಟ್. ಏಳು ನಡೆಗೆ ಆಟ ಮುಗಿಯಿತು. ನನ್ನ ರಾಜನ ಸುತ್ತ ನನ್ನದೇ ಕಾಯಿಗಳು, ಕದಲಲು ಜಾಗವಿಲ್ಲ.

ಹಳೆಯ ಬಲೆ ಇದು. ಗೊತ್ತಿದ್ದವರು ನಗುತ್ತಾರೆ. ಡಿ4ರ ಕುದುರೆಯನ್ನು ಕುದುರೆಯಿಂದಲೇ ಹೊಡೆದು, ಆಮೇಲೆ ಕ್ಯಾಸಲಿಂಗ್ ಮಾಡಿ ರಾಜನನ್ನು ಮೂಲೆಯ ಕಡೆ ಸೇರಿಸಿಕೊಂಡಿದ್ದರೆ ಬಿಳಿಗೆ ಒಳ್ಳೆಯ ಆಟವೇ ಇತ್ತು. ಎಂಜಿನ್ ಹಾಕಿದ್ದರೆ ಇಷ್ಟನ್ನು ಹೇಳಿ ಸುಮ್ಮನಾಗುತ್ತಿತ್ತು. ನಾನೂ "ಈ ಬಲೆ ಕಲಿತೆ" ಅಂತ ಮುಂದೆ ಹೋಗುತ್ತಿದ್ದೆ.

ನೋಟ್‌ಬುಕ್ಕಿನಲ್ಲಿ ನಾನು ಬರೆದಿದ್ದ ಸಾಲು ಬೇರೆ ಕಥೆ ಹೇಳಿತು: "ಇ5 ಪಾನ್ ಬಿಟ್ಟಿ ಸಿಕ್ಕಿತು ಅಂದುಕೊಂಡೆ." ಹತ್ತು ದಿನ ಬಿಟ್ಟು ಇನ್ನೊಂದು ಆಟ. 27ನೇ ನಡೆ, ಓಪನಿಂಗ್ ಬೇರೆ, ಬಣ್ಣ ಬೇರೆ. ನನ್ನ ಆನೆ ಮನೆ ಬಿಟ್ಟು ಮೂಲೆಯ ಒಂದು ಪಾನ್ ತಿನ್ನಲು ಹೋಯಿತು, ಅವರ ಆನೆ ನನ್ನ ಹಿಂದಿನ ಸಾಲಿಗೆ ಇಳಿದು ಮೇಟ್ ಮಾಡಿತು. ಕೆಳಗೆ ನನ್ನದೇ ಅಕ್ಷರದಲ್ಲಿ: "ಪಾನ್ ಬಿಟ್ಟಿ ಇತ್ತು." ಎರಡು ಪುಟ ಅಕ್ಕಪಕ್ಕ ಇಟ್ಟಾಗ ಕಂಡಿತು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುತ್ತಾರಲ್ಲ, ನನ್ನ ಆಟ ಪೂರ್ತಿ ಅದೇ.

ಎಂಜಿನ್ನಿಗೆ ಇವು ಎರಡು ಬೇರೆ ಬೇರೆ ತಪ್ಪು. ಒಂದು ಓಪನಿಂಗಿನ ಬಲೆ, ಇನ್ನೊಂದು ಹಿಂದಿನ ಸಾಲಿನ ಮೇಟ್. ನನಗೆ ಮಾತ್ರ ಒಂದೇ ರೋಗ.

ಇಲ್ಲಿ ಜನ ಮಾಡುವ ತಪ್ಪು: "ಬ್ಲಂಡರ್", "ಗಮನ ಇರಲಿಲ್ಲ" ಅಂತ ಬರೆದು ಮುಗಿಸುವುದು. ಅದು ಉಪಯೋಗಕ್ಕೆ ಬಾರದು. ಗಮನ ಇರಲಿಲ್ಲ ಅಂದರೆ ಎಲ್ಲಿತ್ತು? ಅದನ್ನು ಬರೆಯಿರಿ.

## ಹಂತ 4: ಗಡಿಯಾರ ನೋಡುವುದು

ಲೀಚೆಸ್ ಪ್ರತಿ ನಡೆಗೆ ಎಷ್ಟು ಸೆಕೆಂಡ್ ಹೋಯಿತು ಅಂತ ಪಟ್ಟಿ ಇಟ್ಟಿರುತ್ತದೆ. ಆಟದ ಕೆಳಗಿನ ಮೂವ್ ಟೈಮ್ಸ್ ತೆರೆದರೆ ಕಂಬಗಳ ಚಿತ್ರ ಬರುತ್ತದೆ. ಹಂತ 3ರಲ್ಲಿ ನೀವು ಗುರುತಿಸಿದ ನಡೆಯ ಕಂಬ ಎಷ್ಟು ಎತ್ತರ ಇದೆ ನೋಡಿ, ಪಕ್ಕದಲ್ಲಿ ಬರೆದುಕೊಳ್ಳಿ.

ಕಂಬ ಗಿಡ್ಡ, ಮೂರ್ನಾಲ್ಕು ಸೆಕೆಂಡು: ನೀವು ಯೋಚಿಸಲೇ ಇಲ್ಲ. ಮೇಲಿನ ಆಟದಲ್ಲಿ ಇ5 ಹೊಡೆಯಲು ನಾನು ತೆಗೆದುಕೊಂಡದ್ದು ನಾಲ್ಕು ಸೆಕೆಂಡ್. ಗಡಿಯಾರದಲ್ಲಿ ಹದಿನಾಲ್ಕು ನಿಮಿಷಕ್ಕಿಂತ ಜಾಸ್ತಿ ಉಳಿದಿತ್ತು. ಆ ಸಮಯ ಯಾರಿಗೆ ಇಟ್ಟಿದ್ದೆನೋ!

ಕಂಬ ಎತ್ತರ, ಎರಡು ಮೂರು ನಿಮಿಷ, ಆದರೂ ತಪ್ಪು ನಡೆ: ಯೋಚಿಸಿದ್ದೀರಿ, ಲೆಕ್ಕ ತಪ್ಪಿದೆ. ಅದಕ್ಕೆ ಮದ್ದು ಬೇರೆ.

ಕೊನೆಯ ಹತ್ತು ನಡೆಯ ಕಂಬಗಳೆಲ್ಲ ಗಿಡ್ಡ: ಸಮಯ ಮೊದಲೇ ಖರ್ಚಾಗಿದೆ. ಹಿಂದೆ ಹೋಗಿ ಅತಿ ಎತ್ತರದ ಕಂಬ ಹುಡುಕಿ. ಹೆಚ್ಚಿನ ಸಲ ಅದು ಎರಡು ಒಳ್ಳೆಯ ನಡೆಗಳ ನಡುವೆ ಒದ್ದಾಡಿದ ಜಾಗ. ಯಾವುದನ್ನು ಆಡಿದ್ದರೂ ನಡೆಯುತ್ತಿತ್ತು.

## ಹಂತ 5: ಈಗ ಎಂಜಿನ್

ನೀಲಿ ಅಕ್ಷರದ ಕೆಲಸ ಮುಗಿದ ಆಟಕ್ಕೆ ಮಾತ್ರ ಕಂಪ್ಯೂಟರ್ ಅನಾಲಿಸಿಸ್ ಕೇಳಿ. ಅದು ಹೇಳಿದ್ದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ನೀಲಿ ಎಲ್ಲಿ ಕೆಂಪಿಗೆ ಹೊಂದುವುದಿಲ್ಲವೋ ಅಲ್ಲಿ ಹೊತ್ತು ಕಳೆಯಿರಿ. ನೀವು 31ನೇ ನಡೆಯಲ್ಲಿ ಸೋತೆ ಅಂದುಕೊಂಡಿದ್ದೀರಿ, ಎಂಜಿನ್ 19ನೆಯದರಲ್ಲೇ ಸೋತಿದ್ದೀರಿ ಅನ್ನುತ್ತದೆ. ಆ ಹನ್ನೆರಡು ನಡೆ ನೀವು ಕಣ್ಣು ಕಟ್ಟಿಕೊಂಡು ಆಡಿದ್ದೀರಿ ಅಂತ ಅರ್ಥ.

ಅಂಕಿ ನೋಡುವಾಗ ಮೂರು ಎಚ್ಚರಿಕೆ.

ಸೆಂಟಿಪಾನ್ ಅಂದರೆ ಪಾನಿನ ನೂರನೇ ಒಂದು ಭಾಗ. 30, 40ರ ವ್ಯತ್ಯಾಸಕ್ಕೆ ನಮ್ಮ ಮಟ್ಟದಲ್ಲಿ ಅರ್ಥವಿಲ್ಲ. ಎಂಜಿನ್ನಿನ ಮೊದಲ ನಡೆಗೂ ಮೂರನೇ ನಡೆಗೂ ಇರುವ ಅಷ್ಟು ಅಂತರಕ್ಕೆ ತಲೆ ಕೆಡಿಸಿಕೊಂಡರೆ ಊಟ ತಣ್ಣಗಾಗುತ್ತದೆ.

ಅಕ್ಯುರೆಸಿ (ಎಂಜಿನ್ನಿನ ನಡೆಗೆ ನಿಮ್ಮ ನಡೆ ಎಷ್ಟು ಹತ್ತಿರ ಅನ್ನುವ ಅಂಕಿ) ಶೇಕಡಾ 90 ಬಂತು ಅಂತ ಸ್ಕ್ರೀನ್‌ಶಾಟ್ ಹಾಕುವವರಿದ್ದಾರೆ. ಎದುರಾಳಿ ಆರನೇ ನಡೆಯಲ್ಲಿ ರಾಣಿ ಕೊಟ್ಟರೆ ಯಾರಿಗಾದರೂ ಅಷ್ಟು ಬರುತ್ತದೆ. 60 ನಡೆಯ ಹಗ್ಗಜಗ್ಗಾಟದಲ್ಲಿ ಬಂದ 75 ಎಷ್ಟೋ ಸಲ ಅದಕ್ಕಿಂತ ಒಳ್ಳೆಯ ಆಟ.

ಮೂರನೆಯದು ಯಾರೂ ಗಮನಿಸದ್ದು. ಲೀಚೆಸ್ ತಪ್ಪನ್ನು ಗುರುತಿಸುವುದು ಗೆಲ್ಲುವ ಅವಕಾಶ ಎಷ್ಟು ಕುಸಿಯಿತು ಅನ್ನುವುದರ ಮೇಲೆ. ನೀವು ಒಂದು ರಾಣಿ ಮುಂದಿದ್ದಾಗ ಕುದುರೆ ಕಳೆದುಕೊಂಡರೂ ಗೆಲುವು ನಿಮ್ಮದೇ ಆಗಿರಬಹುದು, ಅದಕ್ಕೆ ಕೆಂಪು ಗುರುತು ಬರದೇ ಹೋಗಬಹುದು. ಚಟ ಮಾತ್ರ ಹಾಗೇ ಉಳಿದಿದೆ, ಅಲ್ವಾ? ಅದಕ್ಕೇ ಗೆದ್ದ ಆಟಗಳಲ್ಲೂ ಐದಾರನ್ನು ಕಣ್ಣಿನಲ್ಲೇ ನೋಡಬೇಕು.

ಆಟ ನಡೆಯುತ್ತಿರುವಾಗ ಎಂಜಿನ್ ತೆರೆಯಬೇಡಿ. "ಸುಮ್ನೆ ನೋಡಿದೆ, ಆ ನಡೆ ಆಡಲಿಲ್ಲ" ಅನ್ನುವ ಸಬೂಬೂ ನಡೆಯುವುದಿಲ್ಲ. ಖಾತೆಗೆ ಮೋಸದ ಗುರುತು ಬೀಳಬಹುದು.

## ಹಂತ 6: ಸೋಲು ಆರಿಸುವುದು

ನಮ್ಮಲ್ಲಿ ಅಡಿಕೆ ಸುಲಿದ ಮೇಲೆ ಚಾಲಿ, ಬಿಳೆಗೋಟು, ಕೋಕಾ ಅಂತ ಬೇರೆ ಬೇರೆ ಮಾಡುವುದಿಲ್ಲವೇ? ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ವ್ಯಾಪಾರಿ ಎಲ್ಲಕ್ಕಿಂತ ಕಡಿಮೆಯ ಕೋಕಾದ ದರ ಹೇಳುತ್ತಾನೆ. ಸೋಲನ್ನೂ ಹಾಗೇ ಆರಿಸಬೇಕು.

ಸೋತ ಪ್ರತಿ ಆಟಕ್ಕೆ ಒಂದೇ ಹೆಸರು. ನಾನು ಇಟ್ಟುಕೊಂಡ ರಾಶಿಗಳು: ಕಾವಲಿಲ್ಲದೆ ಬಿಟ್ಟ ಕಾಯಿ, ಎದುರಾಳಿಯ ಬೆದರಿಕೆ ಕಾಣದ್ದು, ಲೆಕ್ಕ ತಪ್ಪಿದ್ದು, ಸಮಯ ಮುಗಿದದ್ದು, ಗೆದ್ದದ್ದನ್ನು ಕೆಡಿಸಿದ್ದು, ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಆಟ) ಗೊತ್ತಿಲ್ಲದ್ದು. ಓಪನಿಂಗ್ ಅಂತ ಒಂದು ರಾಶಿ ಬೇಕು ಅಂತ ಹುಡುಗರು ಹಟ ಮಾಡುತ್ತಾರೆ. ಇಟ್ಟುಕೊಳ್ಳಿ, ಆದರೆ ಹತ್ತನೇ ನಡೆಯೊಳಗೆ ಕೆಟ್ಟ ಆಟಕ್ಕೆ ಮಾತ್ರ. ಹಾಗೆ ಮಾಡಿದರೆ ಆ ರಾಶಿ ಎಷ್ಟು ಸಣ್ಣದು ಅಂತ ಅವರಿಗೇ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ರಾಶಿ ಯಾವುದೋ ಅದೇ ನಿಮ್ಮ ಶೈಲಿ. "ನಾನು ಅಟ್ಯಾಕಿಂಗ್ ಪ್ಲೇಯರ್", "ನನ್ನದು ಪೊಸಿಷನಲ್ ಆಟ" ಅಂತೆಲ್ಲ ನಾವು ಹೇಳಿಕೊಳ್ಳುವುದು ನಮ್ಮ ಬಗ್ಗೆ ನಮಗಿರುವ ಆಸೆ. ನಾನೂ ಎಷ್ಟೋ ವರ್ಷ ಪೊಸಿಷನಲ್ ಅಂತ ಓಡಾಡಿಕೊಂಡಿದ್ದೆ. ಬಿಟ್ಟಿ ಪಾನ್ ಕಂಡರೆ ಬೋರ್ಡೇ ಮರೆಯುವವನು ಅಂತ ರಾಶಿ ಹೇಳಿತು.

## ಹಂತ 7: ಒಂದೇ ಮದ್ದು

ದೊಡ್ಡ ರಾಶಿಗೆ ಮಾತ್ರ ಮದ್ದು. ಉಳಿದವು ಕಾಯಲಿ.

ಕಾಯಿ ಬಿಡುವವರು ದಿನಕ್ಕೆ ಹದಿನೈದು ಪಜಲ್ ಬಿಡಿಸಲಿ. ಲೀಚೆಸ್ ಪಜಲ್‌ಗಳಲ್ಲಿ ಹ್ಯಾಂಗಿಂಗ್ ಪೀಸ್ (ಕಾವಲಿಲ್ಲದ ಕಾಯಿ), ಫೋರ್ಕ್ (ಒಂದೇ ಕಾಯಿ ಎರಡನ್ನು ಒಟ್ಟಿಗೆ ಹಿಡಿಯುವುದು) ಅಂತ ಬೇರೆ ಬೇರೆ ವಿಭಾಗ ಇವೆ. ಲೆಕ್ಕ ತಪ್ಪುವವರು ಪಜಲ್ ಕಡಿಮೆ ಮಾಡಿ, ಕಾಯಿ ಮುಟ್ಟದೆ ಪೂರ್ತಿ ಉತ್ತರ ಬರೆದು ಆಮೇಲೆ ಆಡಲಿ. ಎಂಡ್‌ಗೇಮ್ ರಾಶಿ ದೊಡ್ಡದಿದ್ದರೆ ರಾಜ ಮತ್ತು ಒಂದು ಪಾನಿನ ಆಟದಿಂದ ಶುರು. ನಿಮ್ಮ ರಾಜ ಆರನೇ ಸಾಲಿನಲ್ಲಿ ತನ್ನ ಪಾನಿನ ನೇರ ಮುಂದೆ ನಿಂತರೆ, ಅಂಚಿನ ಪಾನ್ ಅಲ್ಲದಿದ್ದರೆ, ಯಾರ ಸರದಿಯಾದರೂ ಗೆಲುವು. ಇದೊಂದೇ ಗೊತ್ತಿದ್ದರೂ ಎಷ್ಟೋ ಡ್ರಾ ತಪ್ಪುತ್ತದೆ.

ಬೆದರಿಕೆ ಕಾಣದವರಿಗೆ, ನನ್ನಂಥ ಬಿಟ್ಟಿ ರೋಗದವರಿಗೆ, ಪಜಲ್ ಅಷ್ಟು ನಾಟುವುದಿಲ್ಲ. ಪಜಲ್‌ನಲ್ಲಿ ನಾವು ಯಾವಾಗಲೂ ಹೊಡೆಯುವವರೇ. ನಾನು ಮಾಡಿದ್ದು ಇಷ್ಟು: ಮೊಬೈಲಿನ ಪಕ್ಕ ಒಂದು ಚೀಟಿ, ಅದರಲ್ಲಿ "ಎಂತಕ್ಕೆ ಇಟ್ಟ?" ಎದುರಾಳಿ ಆಡಿದ ಮೇಲೆ ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳದೆ ಕಾಯಿ ಮುಟ್ಟುವಂತಿಲ್ಲ. ಮೊದಲ ವಾರ ಆಯಿ ಅಡುಗೆ ಮನೆಯಿಂದ "ಯಾರ ಹತ್ರ ಮಾತಾಡ್ತೆ?" ಅಂತ ಕೇಳುತ್ತಿದ್ದಳು.

## ದಾರಿ ತಪ್ಪುತ್ತಿರುವ ಲಕ್ಷಣಗಳು

ನೋಟ್‌ಬುಕ್ಕಿನಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ ಆಗುತ್ತಿದ್ದರೆ ಎಂಜಿನ್ ಮತ್ತೆ ಮುಂದೆ ಬಂದು ಕೂತಿದೆ. ಪ್ರತಿ ವಾರ ಹೊಸ ಓಪನಿಂಗ್ ವಿಡಿಯೋ ನೋಡುತ್ತಿದ್ದರೆ ನೀವು ರಾಶಿಯಿಂದ ಓಡಿಹೋಗುತ್ತಿದ್ದೀರಿ. ರೇಟಿಂಗ್ 20 ಇಳಿಯಿತು ಅಂತ 30 ಮುಗಿಯುವ ಮೊದಲೇ ಗಡಿಯಾರ ಬದಲಿಸಿದರೆ ಇಲ್ಲಿಯವರೆಗಿನ ಲೆಕ್ಕ ನೀರಿಗೆ ಹೋಯಿತು, ಮೊದಲಿನಿಂದ ಶುರು ಮಾಡಿ. ಎದುರಾಳಿ ಮೋಸ ಮಾಡಿದ ಅಂತ ವಾರಕ್ಕೆ ಎರಡು ಮೂರು ಸಲ ಅನಿಸುತ್ತಿದ್ದರೆ ನಾಲ್ಕು ದಿನ ಆಟ ನಿಲ್ಲಿಸುವುದೇ ಒಳ್ಳೆಯದು.

## ಹಂತ 8: ಮತ್ತೆ 30

ಅದೇ ಗಡಿಯಾರ, ಅದೇ ನೋಟ್‌ಬುಕ್, ಅವೇ ಹೆಸರಿನ ರಾಶಿಗಳು. ಹೋಲಿಸುವುದು ರಾಶಿಗಳನ್ನು ಮಾತ್ರ, ರೇಟಿಂಗನ್ನಲ್ಲ. ದೊಡ್ಡ ರಾಶಿ ಅರ್ಧವಾದರೆ ಮದ್ದು ನಾಟಿದೆ. ಹಾಗೇ ಇದ್ದರೆ ಹೆಸರು ತಪ್ಪಿಟ್ಟಿದ್ದೀರಿ, ಹಂತ 3ರ ನೀಲಿ ಸಾಲುಗಳನ್ನು ಇನ್ನೊಮ್ಮೆ ಓದಿ.

ಒಂದು ರಾಶಿ ಕರಗಿದಾಗ ಪಕ್ಕದ್ದು ಉಬ್ಬುವುದುಂಟು, ಹೆದರಬೇಡಿ. ನನ್ನದು ಹಾಗೇ ಆಯಿತು. ಬಿಟ್ಟಿ ಪಾನಿಗೆ ಬೀಳುವುದು ಕಡಿಮೆಯಾಯಿತು, ಪ್ರತಿ ನಡೆಗೂ "ಎಂತಕ್ಕೆ ಇಟ್ಟ" ಅಂತ ಕೇಳಿ ಕೇಳಿ ಸಮಯ ಮುಗಿಯುವ ಸೋಲು ಜಾಸ್ತಿಯಾಯಿತು. ಈಗ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿದೆ: "20 ಸೆಕೆಂಡ್ ಸಾಕು." ಮೂರನೇ ಕಂತಿನ 30 ಆಟ ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ.